ಕೈವಾರ ಹಿಡಿದು ಭೂಮಿಯ ಒಡಲಿಗೆ

ಪಠ್ಯಪುಸ್ತಕದ ಆ ಚಿತ್ರ ಎಲ್ಲರಿಗೂ ನೆನಪಿರುತ್ತದೆ: ಒಂದು ಹೋಳು ಕೊಯ್ದು ತೆಗೆದ ಗೋಳ, ಒಳಗೆ ಹಳದಿ, ಕಿತ್ತಳೆ, ಕೆಂಪು ಪಟ್ಟೆಗಳು. ಕಣ್ಣಿಗೆ ಕಾಣಲೆಂದು ಅದರಲ್ಲಿ ಹೊರಪದರವನ್ನು ಬೇಕೆಂದೇ ದಪ್ಪಗೆ ಬರೆದಿರುತ್ತಾರೆ. ಭೂಮಿಯ ಹೊರಮೈಯ ದೊಡ್ಡ ಶಿಲಾತುಂಡುಗಳು, ಅಂದರೆ ಭೂಫಲಕಗಳು, ಚಲಿಸುತ್ತವೆ ಎಂಬ ಮಾತು ಎಷ್ಟು ಓದಿದರೂ ಮನಸ್ಸಿಗೆ ಇಳಿಯದಿರಲು ಈ ತಪ್ಪು ಅಳತೆಯೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಹಾಳೆ, ಕೈವಾರ, ಸ್ಕೇಲು, ಚೂಪಾದ ಪೆನ್ಸಿಲ್ ತೆಗೆದುಕೊಳ್ಳಿ. ಸರಿಯಾದ ಅಳತೆಯಲ್ಲಿ ನಾವೇ ಬರೆಯೋಣ.

1. ಮೊದಲ ವೃತ್ತ

1 ಸೆಂ.ಮೀ. ಎಂದರೆ 1,000 ಕಿ.ಮೀ. ಎಂದಿಟ್ಟುಕೊಳ್ಳಿ. ಭೂಮಿಯ ತ್ರಿಜ್ಯ 6,371 ಕಿ.ಮೀ. ಕೈವಾರವನ್ನು 6.4 ಸೆಂ.ಮೀ. ಅಗಲಿಸಿ ವೃತ್ತ ಎಳೆಯಿರಿ.

2. ಒಳಗಿನ ಎರಡು ವೃತ್ತ

ಕೈವಾರದ ಮುಳ್ಳನ್ನು ಕದಲಿಸದೆ 3.5 ಸೆಂ.ಮೀ. ಮತ್ತು 1.2 ಸೆಂ.ಮೀ. ತ್ರಿಜ್ಯದ ಇನ್ನೆರಡು ವೃತ್ತ ಎಳೆಯಿರಿ. ನಟ್ಟನಡುವೆ ಇರುವುದು ಘನರೂಪದ ಒಳ ಕೇಂದ್ರಗೋಳ, ಬಹುಪಾಲು ಕಬ್ಬಿಣ ಮತ್ತು ನಿಕ್ಕಲ್. ಅದನ್ನು ಸುತ್ತಿಕೊಂಡಿರುವುದು ದ್ರವಲೋಹದ ಹೊರ ಕೇಂದ್ರಗೋಳ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಕಾಂತಕ್ಷೇತ್ರ ಹುಟ್ಟುವುದು ಅಲ್ಲಿನ ಹರಿವಿನಿಂದ. ಅದರ ಮೇಲೆ ಸುಮಾರು 2,900 ಕಿ.ಮೀ. ದಪ್ಪದ ಮ್ಯಾಂಟಲ್.

ಇಷ್ಟು ಆಳದ ಸಂಗತಿ ತಿಳಿದದ್ದು ಹೇಗೆ? ಅಗೆದು ನೋಡಿ ಅಲ್ಲ. ರಷ್ಯಾದ ಕೋಲಾದಲ್ಲಿ ಕೊರೆದ ಅತಿ ಆಳದ ರಂಧ್ರ 12,262 ಮೀಟರ್. ನಮ್ಮ ಚಿತ್ರದಲ್ಲಿ ಅದು 0.12 ಮಿ.ಮೀ. ಒಳಗಿನ ಸುದ್ದಿ ಹೊತ್ತು ತಂದದ್ದು ಭೂಕಂಪದ ಅಲೆಗಳು. ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ: ಶಿಲೆಯನ್ನು ಹಿಂದೆಮುಂದೆ ಒತ್ತುತ್ತಾ ಸಾಗುವ ಪಿ ಅಲೆಗಳು, ಅಡ್ಡಡ್ಡ ಅಲುಗಿಸುತ್ತಾ ಸಾಗುವ ಎಸ್ ಅಲೆಗಳು. ಎಸ್ ಅಲೆಗಳು ದ್ರವವನ್ನು ದಾಟಲಾರವು. ಭೂಕಂಪವಾದ ಜಾಗದ ಎದುರು ಬದಿಗೆ ಅವು ತಲುಪದೇ ಇದ್ದುದರಿಂದಲೇ ನಡುವೆ ದ್ರವವಿದೆ ಎಂದು ಗೊತ್ತಾಯಿತು. ಪಿ ಅಲೆಗಳು ಬರಬಾರದ ಕಡೆ ಕ್ಷೀಣವಾಗಿ ಬಂದದ್ದನ್ನು ಬೆನ್ನಟ್ಟಿದ ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೆಹ್ಮಾನ್, ದ್ರವದ ಒಳಗೆ ಇನ್ನೊಂದು ಗೋಳವಿದೆ ಎಂದು 1936ರಲ್ಲಿ ತೋರಿಸಿದರು. ಭೂಕಂಪಮಾಪಕ ಕಾಗದದ ಮೇಲೆ ಬರೆದ ಕೆಲವು ಅಂಕುಡೊಂಕು ಗೆರೆಗಳಿಂದ ಭೂಮಿಯ ನಡುವನ್ನೇ ಕಂಡ ಆ ತಾಳ್ಮೆ ದೊಡ್ಡದು.

3. ಭೂಕವಚಕ್ಕೆ ಬೇರೆ ಗೆರೆ ಬೇಡ

ನೀವು ಎಳೆದ ಹೊರಗಿನ ಪೆನ್ಸಿಲ್ ಗೆರೆಯೇ ಭೂಕವಚ, ಅಂದರೆ ಭೂಮಿಯ ತೀರ ಹೊರಗಿನ ತೆಳು ಶಿಲಾಪದರ. ಸಾಗರದ ಅಡಿ ಅದು ಸುಮಾರು 7 ಕಿ.ಮೀ., ಖಂಡಗಳಲ್ಲಿ ಸರಾಸರಿ 35ರಿಂದ 40 ಕಿ.ಮೀ. ಹಿಮಾಲಯದ ಬುಡದಲ್ಲಿ 70 ಕಿ.ಮೀ. ಇದ್ದರೂ ಇಲ್ಲಿ 0.7 ಮಿ.ಮೀ. ಮಾತ್ರ.

4. ಮ್ಯಾಂಟಲ್‌ಗೆ ಲಾವಾದ ಕೆಂಪು ಬಳಿಯಬೇಡಿ

ಮ್ಯಾಂಟಲ್ ಕುದಿಯುವ ಶಿಲಾರಸ, ಫಲಕಗಳು ಅದರ ಮೇಲೆ ದೋಣಿಯಂತೆ ತೇಲುತ್ತವೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಅದು ತಪ್ಪು. ಎಸ್ ಅಲೆಗಳು ಮ್ಯಾಂಟಲ್‌ನಲ್ಲಿ ಹಾದುಹೋಗುತ್ತವೆ. ಎಂದರೆ ಅದು ಘನಶಿಲೆ. ಆದರೆ ಅಷ್ಟು ಕಾವಿನಲ್ಲಿ, ಲಕ್ಷಾಂತರ ವರ್ಷಗಳಲ್ಲಿ, ಘನಶಿಲೆಯೂ ಕರಗದೆಯೇ ಮೆಲ್ಲಗೆ ಹರಿಯುತ್ತದೆ. ಹಸಿರು ಬಳಿಯಿರಿ, ಮೇಲ್ಭಾಗದ ಮ್ಯಾಂಟಲ್‌ನಲ್ಲಿ ಹೇರಳವಾಗಿರುವ ಆಲಿವಿನ್ ಖನಿಜದ ಬಣ್ಣ ಅದೇ.

5. ಫಲಕ ಬರೆಯುವುದು

ಈಗ 6.3 ಸೆಂ.ಮೀ.ಗೆ ಇನ್ನೊಂದು ವೃತ್ತ. ಹೊರಗೆರೆಗೂ ಇದಕ್ಕೂ ನಡುವಿನ 1 ಮಿ.ಮೀ. ಪಟ್ಟಿಯೇ, ಅಂದರೆ ಸುಮಾರು 100 ಕಿ.ಮೀ. ದಪ್ಪದ ಶಿಲಾಗೋಳವೇ, ಫಲಕ. ಭೂಕವಚವೊಂದೇ ಫಲಕವಲ್ಲ, ಅದಕ್ಕೆ ಅಂಟಿಕೊಂಡ ಮ್ಯಾಂಟಲ್‌ನ ಗಟ್ಟಿ ಮೇಲ್ಭಾಗವೂ ಸೇರಿ ಒಂದೇ ತುಂಡಾಗಿ ಸಾಗುತ್ತದೆ. ಕೆಳಗಿನ ಶಿಲೆ ಹೆಚ್ಚು ಬಿಸಿ, ಮೆದು. ಫಲಕ ಜಾರುವುದು ಅದರ ಮೇಲೆ.

ಪಟ್ಟಿಯ ಒಂದು ಕಡೆ ಸಣ್ಣ ಬಿರುಕು ಬರೆಯಿರಿ. ಇದು ಅಟ್ಲಾಂಟಿಕ್ ನಡುವಿನಂಥ ಸಾಗರದ ಏಣು, ಅಂದರೆ ಸಮುದ್ರದಡಿಯ ಉದ್ದನೆಯ ಬೆಟ್ಟಸಾಲು. ಫಲಕಗಳು ದೂರ ಸರಿದಂತೆ ಅಡಿಯ ಬಿಸಿಶಿಲೆ ಮೇಲೇರುತ್ತದೆ, ಒತ್ತಡ ಇಳಿಯುತ್ತದೆ, ಅದರ ಒಂದು ಪಾಲು ಕರಗಿ ಹೊಸ ಸಾಗರತಳವಾಗುತ್ತದೆ. ಏಣಿನಿಂದ ದೂರ ಹೋದಷ್ಟೂ ಅದು ತಣಿದು, ದಪ್ಪಗಾಗಿ, ಭಾರವಾಗುತ್ತದೆ.

ಇನ್ನೊಂದು ಕಡೆ ಅದೇ ಪಟ್ಟಿ ಬಾಗಿ ಮ್ಯಾಂಟಲ್‌ನೊಳಗೆ ಓರೆಯಾಗಿ ಇಳಿಯುವಂತೆ ಬರೆಯಿರಿ. ಇದು ಜಪಾನಿನ ಅಂಚಿನಲ್ಲಿರುವಂಥ ಸಾಗರಕಂದಕ. ಇಳಿಯುವ ತುಂಡಿನ ಉದ್ದಕ್ಕೂ 7 ಮಿ.ಮೀ. ಆಳದವರೆಗೆ ಚುಕ್ಕೆ ಇಡಿ. ಭೂಕಂಪಗಳು ಸುಮಾರು 700 ಕಿ.ಮೀ. ಆಳದವರೆಗೂ ಆಗುತ್ತವೆ. ಆ ತುಂಡು 1 ಮಿ.ಮೀ. ಆಳ ತಲುಪಿದ ಜಾಗದ ನೇರ ಮೇಲೆ ಜ್ವಾಲಾಮುಖಿ ಬರೆಯಿರಿ. ಇಳಿಯುವ ಶಿಲೆ ಬಿಟ್ಟ ನೀರು ಮೇಲಿನ ಮ್ಯಾಂಟಲ್ ಕರಗುವ ತಾಪವನ್ನು ತಗ್ಗಿಸುವುದರಿಂದ ಅಲ್ಲಿ ಶಿಲಾರಸ ಹುಟ್ಟುತ್ತದೆ.

ಇಡೀ ಚಿತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಈ ಇಳಿಯುವ ತುಂಡು. ಮುಳುಗುವ ತುದಿ ತನ್ನ ಭಾರದಿಂದ ಹಿಂದಿನ ಫಲಕವನ್ನು ಎಳೆಯುತ್ತದೆ, ಮೇಜಿನಿಂದ ಜಾರುವ ಬಟ್ಟೆಯ ಹಾಗೆ. ಫಲಕಗಳನ್ನು ನಡೆಸುವ ಬಲಗಳಲ್ಲಿ ದೊಡ್ಡದು ಈ ಸೆಳೆತವೇ. ಬಹುಪಾಲು ಸಾಗರತಳ 20 ಕೋಟಿ ವರ್ಷಕ್ಕಿಂತ ಹೊಸದಾಗಿರಲು ಕಾರಣವೂ ಇದೇ: ಹಳೆಯದು ಒಳಗೆ ಹೋಗಿಬಿಟ್ಟಿದೆ. ಖಂಡದ ಶಿಲೆ ಹಗುರ, ಸುಲಭಕ್ಕೆ ಮುಳುಗದು. ಆದ್ದರಿಂದ ಭಾರತ ಮತ್ತು ಏಷ್ಯಾ ಢಿಕ್ಕಿ ಹೊಡೆದಾಗ ನೆಲ ಮಡಚಿ ಹಿಮಾಲಯವಾಯಿತು.

6. ವೇಗ

ಫಲಕವೊಂದು ವರ್ಷಕ್ಕೆ 5 ಸೆಂ.ಮೀ. ಸಾಗಿದರೆ, ನಿಮ್ಮ ಹಾಳೆಯಲ್ಲಿ 1 ಮಿ.ಮೀ. ಸರಿಯಲು 20 ಲಕ್ಷ ವರ್ಷ ಬೇಕು.

ಫಲಕಗಳು ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಸಾಗುವ ಮೂರನೆಯ ಬಗೆಯ ಅಂಚನ್ನು, ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕಿನಂಥದ್ದನ್ನು, ಈ ಸೀಳುಚಿತ್ರದಲ್ಲಿ ತೋರಿಸಲು ಬಾರದು. ಅದನ್ನು ಮೇಲಿನಿಂದ ನೋಡಿ ಬರೆಯಬೇಕು, ಇನ್ನೊಂದು ಹಾಳೆಯಲ್ಲಿ.