ಮ್ಯಾಕ್ 2.5ರ ರ‍್ಯಾಮ್‌ಜೆಟ್ ಕಂಬಸ್ಟರ್: ಲೆಕ್ಕ, ಗಟರ್, ಹಾಸನದಲ್ಲಿ ಪರೀಕ್ಷೆ

ರ‍್ಯಾಮ್‌ಜೆಟ್ ಪ್ರಾಜೆಕ್ಟ್ ಅಂದರೆ ಸಾಕು, ಎಲ್ಲರೂ ಮೊದಲು ಇಂಧನ ಚಿಮ್ಮಿಸುವ ಇಂಜೆಕ್ಟರ್ ಚಿತ್ರ ಬರೆಯಲು ಕೂರುತ್ತಾರೆ. ಅದು ಕೊನೆಯ ಕೆಲಸ. ಹಾರಾಟದ ವೇಗದಿಂದಲೇ ಗಾಳಿಯನ್ನು ಅದುಮಿ ಇಂಧನ ಉರಿಸುವ ಈ ಜೆಟ್ ಎಂಜಿನ್‌ನಲ್ಲಿ, ಉರಿ ನಡೆಯುವ ಕೊಳವೆಯ (ಕಂಬಸ್ಟರ್) ವ್ಯಾಸ ಮೊದಲು ಗೊತ್ತಾಗಬೇಕು.

12 ಕಿ.ಮೀ. ಎತ್ತರದಲ್ಲಿ ಗಾಳಿಯ ತಾಪ 216.65 ಕೆಲ್ವಿನ್, ಒತ್ತಡ 19.3 ಕಿಲೋಪಾಸ್ಕಲ್. ಮ್ಯಾಕ್ 2.5ರಲ್ಲಿ, ಅಂದರೆ ಶಬ್ದದ ಎರಡೂವರೆ ಪಟ್ಟು ವೇಗದಲ್ಲಿ ಹಾರುವಾಗ ಅದನ್ನು ತಡೆದರೆ ತಾಪ 487 ಕೆಲ್ವಿನ್, ಒತ್ತಡ 17 ಪಟ್ಟು. ಗಾಳಿ ಒಳಬರುವ ಇನ್‌ಟೇಕ್‌ನ ಶಾಕ್‌ಗಳಲ್ಲಿ (ಒತ್ತಡ ಥಟ್ಟನೆ ಏರುವ ಅಲೆಗಳಲ್ಲಿ) ಶೇ 20 ನಷ್ಟ ಹಿಡಿದರೆ ಕಂಬಸ್ಟರ್ ಬಾಯಲ್ಲಿ ಸುಮಾರು 264 ಕಿಲೋಪಾಸ್ಕಲ್ ಉಳಿಯುತ್ತದೆ.

ಒಂದು ಕಿಲೋ ಗಾಳಿಯನ್ನೆಲ್ಲ ಬಳಸಿ ಉರಿಯಲು 68 ಗ್ರಾಂ ಸೀಮೆಎಣ್ಣೆ ಬೇಕು. ಅದರ ಶೇ 60, ಅಂದರೆ 41 ಗ್ರಾಂ ಕೊಟ್ಟರೆ ತಾಪ 1,850 ಕೆಲ್ವಿನ್ ಹತ್ತಿರ ಹೋಗುತ್ತದೆ: 3.8 ಪಟ್ಟು. ಎಡವುವುದು ಇಲ್ಲೇ. ವ್ಯಾಸ ಬದಲಾಗದ ಕೊಳವೆಗೆ ಮ್ಯಾಕ್ 0.3ರಲ್ಲಿ ಬಂದ ಗಾಳಿ 2.88 ಪಟ್ಟು ಕಾಯುವಷ್ಟರಲ್ಲೇ ಚೋಕ್ ಆಗುತ್ತದೆ, ಅಂದರೆ ಹರಿವು ಶಬ್ದದ ವೇಗ ಮುಟ್ಟಿ ಇನ್ನಷ್ಟು ಶಾಖ ಹಿಡಿಸದಂತಾಗುತ್ತದೆ. 0.25ಕ್ಕೆ ಮಿತಿ 3.89, 0.2ಕ್ಕೆ 5.76. 0.25 ಆಯ್ದರೆ ಇಂಧನ ತುಸು ಹೆಚ್ಚಾದರೂ ಶಾಕ್ ಇನ್‌ಟೇಕ್‌ನಿಂದ ಆಚೆ ಬೀಳುತ್ತದೆ, ನೂಕುಬಲ ಕುಸಿಯುತ್ತದೆ. 0.2 ಇಟ್ಟುಕೊಳ್ಳಿ. ಆಗ ಸೆಕೆಂಡಿಗೆ 1 ಕಿಲೋ ಗಾಳಿಗೆ ಒಳವ್ಯಾಸ 88 ಮಿ.ಮೀ. ವೇಗವೂ ಸೆಕೆಂಡಿಗೆ 88 ಮೀಟರ್. ಅದು ಬರೀ ಕಾಕತಾಳೀಯ.

ಈ ವೇಗದಲ್ಲಿ ಜ್ವಾಲೆ ತಾನಾಗಿ ನಿಲ್ಲುವುದಿಲ್ಲ, ಮರೆ ಬೇಕು. 25 ಮಿ.ಮೀ. ಅಗಲದ ವಿ-ಗಟರ್ (V ಆಕಾರಕ್ಕೆ ಮಡಿಸಿದ ತಗಡಿನ ಪಟ್ಟಿ) ಒಂದನ್ನು ಕೊಳವೆಗೆ ಅಡ್ಡಲಾಗಿ, ಮೂತಿ ಗಾಳಿ ಬರುವ ಕಡೆಗಿರುವಂತೆ ಕೂರಿಸಿ. ಅದು ದಾರಿಯ ಶೇ 35 ಮುಚ್ಚುತ್ತದೆ. ಕೋನ 30ರಿಂದ 60 ಡಿಗ್ರಿಯೊಳಗೆ, ತಗಡು 310 ಸ್ಟೇನ್‌ಲೆಸ್. ಎರಡೂ ತುದಿ ವೆಲ್ಡ್ ಮಾಡಬೇಡಿ: ಕೆಂಪಗೆ ಕಾದಾಗ ಅದು 1 ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ, ಜಾಗ ಸಿಗದೆ ಬಿಲ್ಲಿನಂತೆ ಬಾಗುತ್ತದೆ. ಒಂದು ತುದಿ ವೆಲ್ಡ್, ಇನ್ನೊಂದು ಕೊರೆದ ತೋಡಿನಲ್ಲಿ ಸಡಿಲವಾಗಿರಲಿ. ಇಂಧನದ ಸ್ವಲ್ಪ ಭಾಗವನ್ನು ಗಟರ್‌ನ ಬೆನ್ನ ಹಿಂದೆಯೇ ಬಿಡಿ. ಒಟ್ಟು ಮಿಶ್ರಣ ತೆಳುವಾಗಿದ್ದರೂ ಅಲ್ಲಿ ದಟ್ಟವಾಗಿರಬೇಕು.

ಇನ್ನು ನೆಲದ ಪರೀಕ್ಷೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ 90 ಕಿಲೋಪಾಸ್ಕಲ್. ಸಮುದ್ರಮಟ್ಟದ 101 ಹಾಕಿ ಲೆಕ್ಕ ಮಾಡಿ ಬ್ಲೋವರ್ (ಗಾಳಿ ಊದುವ ಯಂತ್ರ) ಕೊಂಡರೆ ಗಾಳಿ ಶೇ 10 ಕಡಿಮೆ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಡಕು ತಣ್ಣನೆ ಗಾಳಿಯದು. 300 ಕೆಲ್ವಿನ್‌ನಿಂದ 1,700ಕ್ಕೆ ಏರಿದರೆ 5.7 ಪಟ್ಟು, ಮ್ಯಾಕ್ 0.2ರಲ್ಲಿ ಮಿತಿಗೇ ತಾಗುತ್ತದೆ. ಜೊತೆಗೆ ಸೀಮೆಎಣ್ಣೆ ಆವಿಯಾಗದೆ ಗೋಡೆ ನೆನೆಸುತ್ತದೆ. ಹಾಗಾಗಿ ಎಲ್‌ಪಿಜಿ, ಅರ್ಧ ಅಳತೆಯ 44 ಮಿ.ಮೀ. ಕೊಳವೆ, ಮ್ಯಾಕ್ 0.1. ಗಾಳಿ ಸೆಕೆಂಡಿಗೆ ಸುಮಾರು 60 ಗ್ರಾಂ, ಅನಿಲ 2.3 ಗ್ರಾಂ. ಕಾಯುವಿಕೆಯೊಂದಕ್ಕೇ 7 ಕಿಲೋಪಾಸ್ಕಲ್ ಒತ್ತಡ ಖರ್ಚಾಗುತ್ತದೆ, ಗಟರ್‌ನದು ಬೇರೆ. 10 ಕಿಲೋಪಾಸ್ಕಲ್ ಕೊಡುವ ಬ್ಲೋವರ್ ಬೇಕು.

2.3 ಗ್ರಾಂ ಅಂದರೆ ಗಂಟೆಗೆ 8 ಕಿಲೋ. 19 ಕಿಲೋ ಸಿಲಿಂಡರ್ ಅಷ್ಟನ್ನು ಸತತವಾಗಿ ಆವಿ ಮಾಡಲಾರದು; ಮೈಮೇಲೆ ಹಿಮ ಕಟ್ಟಿ ಒತ್ತಡ ಇಳಿದು ಜ್ವಾಲೆ ಆರುತ್ತದೆ. ತಪ್ಪು ಗಟರ್ ಮೇಲೆ ಹೋಗುತ್ತದೆ! ರೆಗ್ಯುಲೇಟರ್ ನಂತರ ಒಂದು ಗೇಜ್ ಇದ್ದರೆ ಗೊಂದಲವಿಲ್ಲ. ಬಯಲಲ್ಲಿ, ಒಮ್ಮೆಗೆ 15 ಸೆಕೆಂಡು ಉರಿಸಿ. ಆರಿದರೆ ಮೊದಲು ಅನಿಲ ಬಂದ್ ಮಾಡಿ, ಒಂದು ನಿಮಿಷ ಬರೀ ಗಾಳಿ ಹಾಯಿಸಿ, ಆಮೇಲಷ್ಟೇ ಕಿಡಿ.