ನಡುವೆ ಮೀಟಿ, ನಡುವೆಯೇ ಮುಟ್ಟಿದಾಗ

ಸುಮಾರು ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಗೆ 0.3 ಮಿಲಿಮೀಟರ್ ವ್ಯಾಸದ ಉಕ್ಕಿನ ತಂತಿಯನ್ನು ಬಿಗಿದು, ಇನ್ನೊಂದು ತುದಿಯಲ್ಲಿ ಅದನ್ನು ರಾಟೆಯ ಮೇಲೆ ಹಾಯಿಸಿ ತೂಕದ ಬಟ್ಟುಗಳನ್ನು ತೂಗುಬಿಟ್ಟು, ನಡುವೆ 60 ಸೆಂಟಿಮೀಟರ್ ಅಂತರದಲ್ಲಿ ತಂತಿಯನ್ನು ಎತ್ತಿಹಿಡಿಯುವ ಮರದ ಎರಡು ಕುದುರೆಗಳನ್ನು ನಿಲ್ಲಿಸಿ, ತಂತಿಯ ನಾದದ ನಿಯಮಗಳನ್ನು ಪರೀಕ್ಷಿಸುವ ಈ ಪ್ರಯೋಗವನ್ನು ನಾನು ಆರಂಭಿಸಿದೆ. ತಂತಿ ಕಡಿದರೆ ಮುಖಕ್ಕೆ ಚಿಮ್ಮುವ ಅಪಾಯವಿರುವುದರಿಂದ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳುವುದನ್ನು ಒಮ್ಮೆಯೂ ಬಿಡಲಿಲ್ಲ.

ಮೊದಲು ಪರೀಕ್ಷಿಸಿದ್ದು ಫ್ರಾನ್ಸಿನ ವಿದ್ವಾಂಸ ಮರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮವನ್ನು: ಆವೃತ್ತಿ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ, ಎರಡು ಪಟ್ಟಾಗಬೇಕಾದರೆ ಬಿಗಿತ ನಾಲ್ಕು ಪಟ್ಟಾಗಬೇಕು. ಇಂತಹ ತಂತಿ ಮೀಟರಿಗೆ ಸುಮಾರು 0.55 ಗ್ರಾಂ ತೂಗುವುದರಿಂದ, 2 ಕಿಲೋಗೆ 157 ಹರ್ಟ್ಸ್, 8 ಕಿಲೋಗೆ 313 ಹರ್ಟ್ಸ್ ಬರಬೇಕೆಂದು ಲೆಕ್ಕ ಹೇಳುತ್ತಿತ್ತು. ಎರಡನೆಯದು 304ರಲ್ಲೇ ನಿಂತಿತು. ಕುದುರೆಯ ಮೇಲಿನ ಘರ್ಷಣೆಯಿಂದಾಗಿ ತೂಕದ ಪೂರ್ತಿ ಎಳೆತ ಕಂಪಿಸುವ ಭಾಗಕ್ಕೆ ತಲುಪುತ್ತಿಲ್ಲವೆಂದು ಊಹಿಸಿ, ಪ್ರತಿ ಬಾರಿ ತೂಕ ಬದಲಿಸಿದ ಮೇಲೆ ತಂತಿಯನ್ನು ಕುದುರೆಯಿಂದ ಮೆಲ್ಲನೆ ಎತ್ತಿ ಮತ್ತೆ ಕೂರಿಸತೊಡಗಿದೆ. ಆವೃತ್ತಿ 311ಕ್ಕೆ ಏರಿತು.

ಆದರೆ ನನ್ನನ್ನು ಹಲವು ದಿನ ಹಿಡಿದಿಟ್ಟದ್ದು ಹಾರ್ಮೋನಿಕ್‌ಗಳು, ಅಂದರೆ ಮೂಲ ನಾದದ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ನಾದಗಳು. ಮೀಟಿದಾಗ ಎದ್ದ ಅಲೆ ಎರಡೂ ತುದಿಗಳಿಂದ ತಲೆಕೆಳಗಾಗಿ ಮರಳಿ ತನ್ನನ್ನೇ ಎದುರುಗೊಳ್ಳುತ್ತದೆ. ಆ ಹೋಗಿಬರುವಿಕೆಯಲ್ಲಿ ತಂತಿಯ ಉದ್ದವನ್ನು ಪೂರ್ಣಾಂಕ ಸಂಖ್ಯೆಯ ಸಮಭಾಗಗಳಾಗಿ ಹಂಚುವ, ಮುಂದೆ ಸಾಗದೆ ನಿಂತಲ್ಲೇ ಕಂಪಿಸುವ ಸ್ಥಾಯಿ ತರಂಗಗಳು ಮಾತ್ರ ಉಳಿಯುತ್ತವೆ. ಭಾಗಗಳು ಸೇರುವಲ್ಲಿ ಅಲುಗದೆ ನಿಲ್ಲುವುದು ನಿಸ್ಪಂದ ಬಿಂದು, ಅತಿ ಹೆಚ್ಚು ಅಲುಗುವುದು ಪ್ರಸ್ಪಂದ ಬಿಂದು. ಮೂರನೆಯ ಒಂದು ಭಾಗದಲ್ಲಿ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿದರೆ ಮೂಲದ ಮೂರರಷ್ಟು ಆವೃತ್ತಿಯ, ಅಂದರೆ ತಾರಸ್ಥಾಯಿ ಪಂಚಮದ, ಶುದ್ಧ ನಾದ ಹೊರಡುತ್ತದೆ. ಬೆರಳಿಗೆ ಹತ್ತಿರದ ತುದಿಯಿಂದ ಮೂರನೆಯ ಎರಡು ಭಾಗದಷ್ಟು ದೂರದಲ್ಲಿ ಮಡಿಸಿದ ಕಾಗದದ ಚೂರೊಂದನ್ನು ತಂತಿಯ ಮೇಲೆ ಕೂರಿಸಿದರೆ ಅದು ಹಾರಿಹೋಗುತ್ತದೆಯೇ ಎಂದು ನೋಡಿದೆ. ತುದಿಯಿಂದ 40 ಸೆಂಟಿಮೀಟರಿನಲ್ಲಿ ಇಟ್ಟ ಚೂರು ಕುಳಿತೇ ಇತ್ತು, 30ರಲ್ಲಿಟ್ಟದ್ದು ತಕ್ಷಣ ಬಿದ್ದಿತು.

ಮೂಲ ನಾದ ನುಡಿಯುವಾಗಲೂ ಈ ಹಾರ್ಮೋನಿಕ್‌ಗಳೆಲ್ಲ ತಂತಿಯಲ್ಲಿ ಒಟ್ಟಿಗೇ ಇರುತ್ತವೆ ಎಂಬುದನ್ನು ನಾನು ಪೂರ್ತಿಯಾಗಿ ಅರಿತದ್ದು ಮೀಟಿದ ನಂತರ ಮುಟ್ಟಿದಾಗ. ನಾಲ್ಕನೆಯ ಒಂದು ಭಾಗದಲ್ಲಿ ಮೀಟಿ, ಕೂಡಲೇ ನಡುವನ್ನು ಮುಟ್ಟಿದರೆ ಮೂಲ ಅಡಗಿ, ಅದರೊಳಗೇ ಇದ್ದ ಎರಡನೆಯ ಹಾರ್ಮೋನಿಕ್ ತಿಳಿಯಾಗಿ ಮುಂದುವರಿಯುತ್ತದೆ. ನಡುವೆಯೇ ಮೀಟಿ ನಡುವೆಯೇ ಮುಟ್ಟಿದರೆ ಮೌನವಾಗಬೇಕು: ಸಮಸಂಖ್ಯೆಯ ಹಾರ್ಮೋನಿಕ್‌ಗಳಿಗೆ ನಡುವಿನಲ್ಲಿ ನಿಸ್ಪಂದವಿರುವುದರಿಂದ ಅಲ್ಲಿ ಮೀಟಿದಾಗ ಅವು ಹುಟ್ಟುವುದೇ ಇಲ್ಲ, ಬೆಸಸಂಖ್ಯೆಯವಕ್ಕೆ ಅಲ್ಲಿ ಪ್ರಸ್ಪಂದವಿರುವುದರಿಂದ ಬೆರಳು ಅವನ್ನೆಲ್ಲ ನಿಲ್ಲಿಸುತ್ತದೆ. ಥಾಮಸ್ ಯಂಗ್ ಅವರ ಹೆಸರಿನಲ್ಲಿರುವ ನಿಯಮವೂ ಇದನ್ನೇ ಹೇಳುತ್ತದೆ.

ನನ್ನ ತಂತಿ ಮಾತ್ರ ಮೌನವಾಗಲಿಲ್ಲ. ಮೀಟುವ ಜಾಗವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಪಡಿಸಿದೆ, ಬೆರಳಿನ ಬದಲು ಕುಂಚದ ತುದಿಯಿಂದ ಮುಟ್ಟಿದೆ. ಆದರೂ ಫೋನಿನ ಆವೃತ್ತಿ ತೋರಿಸುವ ಆ್ಯಪ್‌ನಲ್ಲಿ 622ರ ಬಳಿ, ಅಂದರೆ 311ರ ಎರಡು ಪಟ್ಟಾದ ಎರಡನೆಯ ಹಾರ್ಮೋನಿಕ್‌ನ ಜಾಗದಲ್ಲಿ, ಒಂದು ಗೆರೆ ಉಳಿಯುತ್ತಲೇ ಇತ್ತು. ಕೊನೆಗೆ ಕುದುರೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಅದರ ನೆತ್ತಿ ಸುಮಾರು ಒಂದು ಸೆಂಟಿಮೀಟರ್ ಅಗಲಕ್ಕೆ ಸಪಾಟಾಗಿದ್ದು, ಕಂಪಿಸುವ ತಂತಿ ಅದರ ಮೇಲ್ಮೈಯನ್ನು ಸವರುತ್ತಿದೆ ಎಂಬುದು ಕಂಡಿತು. ಹೀಗೆ ಸವರಿದಾಗ ತಂತಿಯ ಕಂಪಿಸುವ ಉದ್ದ ಕ್ಷಣಕ್ಷಣಕ್ಕೂ ಬದಲಾಗಿ, ಒಂದು ಹಾರ್ಮೋನಿಕ್‌ನ ಶಕ್ತಿ ಮತ್ತೊಂದಕ್ಕೆ ಹರಿಯುತ್ತದೆ. ಸಿ. ವಿ. ರಾಮನ್ 1921ರಲ್ಲಿ ವೀಣೆ ಮತ್ತು ತಂಬೂರಿಗಳ ಬಗ್ಗೆ ಬರೆದದ್ದು ಇದನ್ನೇ: ಅವುಗಳ ಬಾಗಿದ ಕುದುರೆಯಿಂದಾಗಿ, ಮೀಟಿದ ಬಿಂದುವಿನಲ್ಲಿ ನಿಸ್ಪಂದವುಳ್ಳ ಹಾರ್ಮೋನಿಕ್‌ಗಳೂ ಗಟ್ಟಿಯಾಗಿಯೇ ಕೇಳಿಸುತ್ತವೆ. ತಂಬೂರಿಯ ನಾದವನ್ನು ತುಂಬುವ ಗುಣವೇ ನನ್ನ ಅಳತೆಯನ್ನು ಕೆಡಿಸಿತ್ತು.

ಕುದುರೆಗಳ ನೆತ್ತಿಗೆ ಹಿತ್ತಾಳೆಯ ಚೂಪು ಅಂಚನ್ನು ಕೂರಿಸಿ ಮತ್ತೆ ನಡುವೆ ಮೀಟಿ, ನಡುವೆ ಮುಟ್ಟಿದೆ. 622ರ ಗೆರೆ ಕೋಣೆಯ ಗದ್ದಲದೊಳಗೆ ಇಳಿದುಹೋಗಿತ್ತು.