ಸಾಫ್ಟ್‌ವೇರ್ ಆರಿಸುವಾಗ ನಾನು ಮೊದಲು ಹುಡುಕುವುದು ಎಕ್ಸ್‌ಪೋರ್ಟ್ ಬಟನ್

ಹೊಸ ಆ್ಯಪ್ ಅಥವಾ ಆನ್‌ಲೈನ್ ಸೇವೆ ಕಣ್ಣಿಗೆ ಬಿದ್ದರೆ ಅದರಲ್ಲಿ ಏನೇನಿದೆ ಅಂತ ನಾನು ಮೊದಲು ನೋಡುವುದಿಲ್ಲ. ನೇರ ಸೆಟ್ಟಿಂಗ್ಸ್‌ಗೆ ಹೋಗಿ ‘ಎಕ್ಸ್‌ಪೋರ್ಟ್’ ಎಲ್ಲಿದೆ ಎಂದು ಹುಡುಕುತ್ತೇನೆ. ನಾನು ಹಾಕಿದ್ದನ್ನು ನಾನೇ ಹೊರಗೆ ತೆಗೆಯಬಹುದೇ? ತೆಗೆದದ್ದು ಬೇರೆ ಕಡೆ ತೆರೆಯುತ್ತದೆಯೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಮುಂದಿನ ಮಾತು. ಅಂದ, ವೇಗ, ಈಗಿನ ಎಐ ಗೀಯ್ ಎಲ್ಲಾ ಆಮೇಲೆ.

ಇದು ಅತಿಯಾಯಿತು ಅನ್ನಿಸಬಹುದು. ಆದರೆ ಚೆನ್ನಾಗಿ ನಡೆಯುತ್ತಿದ್ದ ಸೇವೆಗಳೇ ಮುಚ್ಚಿಹೋಗಿವೆ, ಅಲ್ವಾ? ಹಲವು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದು ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಿತು. ಫೋಟೋ ಜೋಡಿಸಿಡುವ ಪಿಕಾಸಾ 2016ರಲ್ಲಿ ಹೋಯಿತು. ಕೆಲಸಗಳ ಪಟ್ಟಿ ಇಡಲು ಎಷ್ಟೋ ಜನ ನೆಚ್ಚಿಕೊಂಡಿದ್ದ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ ಕೊಂಡುಕೊಂಡು, 2020ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಯಾವುದೂ ಕೆಟ್ಟ ಸಾಫ್ಟ್‌ವೇರ್ ಆಗಿರಲಿಲ್ಲ. ಹಿಂದೆ ದೊಡ್ಡ ಕಂಪನಿ ಇದ್ದ ಮಾತ್ರಕ್ಕೆ ಬಾಳಿಕೆ ಬರುತ್ತದೆ ಅಂತೇನಿಲ್ಲ. ಗೂಗಲ್ ರೀಡರ್ ಬಳಸುತ್ತಿದ್ದವರನ್ನು ಕಾಪಾಡಿದ್ದು ಒಪಿಎಂಎಲ್ ಎಂಬ ಸಾದಾ ಫೈಲ್. ತಾವು ಓದುತ್ತಿದ್ದ ತಾಣಗಳ ಪಟ್ಟಿಯನ್ನು ಅದರಲ್ಲಿ ಇಳಿಸಿಕೊಂಡು ಬೇರೆ ರೀಡರ್‌ಗೆ ಹಾಕಿಕೊಂಡರು. ಕೆಲಸ ಮುಂದುವರಿಯಿತು.

ಬಟನ್ ಇದ್ದರೆ ಸಾಲದು, ಒತ್ತಿ ನೋಡಬೇಕು. ಟಿಪ್ಪಣಿ ಬರೆಯುವ ಆ್ಯಪ್ ಆದರೆ ನಾನು ಒಂದು ಪರೀಕ್ಷಾ ಟಿಪ್ಪಣಿ ಮಾಡುತ್ತೇನೆ. ಅದರಲ್ಲಿ ಒಂದು ಲಿಂಕ್, ಒಂದು ಚಿತ್ರ, ಒಂದು ಪಟ್ಟಿ, ಒತ್ತಕ್ಷರ ತುಂಬಿದ ನಾಲ್ಕು ಸಾಲು ಕನ್ನಡ. ಅದನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತೇನೆ. ಇಲ್ಲೇ ಬಣ್ಣ ಬಯಲಾಗುವುದು. ಒಂದು ಆ್ಯಪ್ ಬರಹ ಕೊಟ್ಟು ಚಿತ್ರ ಬಿಟ್ಟುಬಿಡುತ್ತದೆ. ಇನ್ನೊಂದು ಎಲ್ಲವನ್ನೂ ಕೊಡುತ್ತದೆ, ಆದರೆ ಬರೆದ ದಿನಾಂಕ ಹೋಗಿ ಎಲ್ಲಕ್ಕೂ ಇವತ್ತಿನ ದಿನಾಂಕ ಬಿದ್ದಿರುತ್ತದೆ. ಮತ್ತೊಂದು ಬರೀ ಪಿಡಿಎಫ್ ಕೊಡುತ್ತದೆ. ನೋಡಲು ಚಂದ. ಅದರಿಂದ ಒಂದು ಕನ್ನಡ ಸಾಲು ಕಾಪಿ ಮಾಡಿದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಬರುತ್ತವೆ. ಅಂಥದ್ದನ್ನು ನಾನು ಎಕ್ಸ್‌ಪೋರ್ಟ್ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಪ್ರಿಂಟ್ ಅಷ್ಟೇ.

ಈಗ ನನ್ನ ಟಿಪ್ಪಣಿಗಳೆಲ್ಲ ಮಾರ್ಕ್‌ಡೌನ್ ಫೈಲ್‌ಗಳು. ಅಂದರೆ ಸಾದಾ ಪಠ್ಯ, ನಡುವೆ ಶೀರ್ಷಿಕೆಗೆ ಒಂದು ಹ್ಯಾಶ್, ಒತ್ತು ಕೊಡಲು ನಕ್ಷತ್ರ ಗುರುತು. ಯಾವ ಕಂಪ್ಯೂಟರ್‌ನಲ್ಲಾದರೂ ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತವೆ. ಬರೆಯಲು ಅಬ್ಸಿಡಿಯನ್ ಎಂಬ ಆ್ಯಪ್ ಬಳಸುತ್ತೇನೆ. ಅದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವಂಥದ್ದು) ಅಲ್ಲ ಎಂದು ಗೆಳೆಯರು ಆಗಾಗ ಕಾಲೆಳೆಯುತ್ತಾರೆ. ಅಲ್ಲ, ನಿಜ. ಆದರೆ ಫೈಲ್‌ಗಳು ನನ್ನ ಡಿಸ್ಕ್‌ನಲ್ಲೇ ಇವೆ, ಅಬ್ಸಿಡಿಯನ್ ನಾಳೆ ಮಾಯವಾದರೂ ಒಂದಕ್ಷರ ಹೋಗುವುದಿಲ್ಲ. ಸಾಫ್ಟ್‌ವೇರ್‌ನ ಕೋಡ್ ತೆರೆದಿರುವುದಕ್ಕಿಂತ ನನ್ನ ಫೈಲ್ ಎಲ್ಲ ಕಡೆ ತೆರೆಯುವುದು ನನಗೆ ಮುಖ್ಯ. ಎರಡೂ ಒಟ್ಟಿಗೆ ಸಿಕ್ಕರೆ ಸಂತೋಷವೇ.

ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್ ಸಾಕು. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದದ್ದು ಅದು. ಅದರ ಸ್ವಂತ ಫೈಲ್ ಮಾದರಿಯಾದ ಒಡಿಎಫ್‌ಗೆ 2006ರಿಂದಲೇ ಐಎಸ್ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮಾನ್ಯತೆ ಇದೆ. ‘ವರ್ಡ್‌ನಲ್ಲಿ ಮಾಡಿದ ಫೈಲ್ ಇದರಲ್ಲಿ ಕೆದರಿಹೋಗುತ್ತದೆ’ ಎನ್ನುವ ದೂರು ಮಾತ್ರ ಎಲ್ಲ ಕಡೆ ಕೇಳುತ್ತದೆ. ನನ್ನ ಕಂಪ್ಯೂಟರ್‌ನಲ್ಲೂ ಸಾಲುಗಳು ಮುಂದಿನ ಪುಟಕ್ಕೆ ಜಾರುತ್ತಿದ್ದವು. ಹುಡುಕುತ್ತಾ ಹೋದರೆ ಎಷ್ಟೋ ಸಲ ಕಾರಣ ಬರೀ ಫಾಂಟ್. ಕ್ಯಾಲಿಬ್ರಿ ಇಲ್ಲದ ಕಂಪ್ಯೂಟರ್ ಅದರ ಜಾಗದಲ್ಲಿ ಬೇರೆ ಅಗಲದ ಫಾಂಟ್ ಹಾಕುತ್ತದೆ, ಸಾಲು ಮುರಿಯುವ ಜಾಗ ಬದಲಾಗುತ್ತದೆ. ಕಾರ್ಲಿಟೋ ಎಂಬ ಉಚಿತ ಫಾಂಟ್‌ನ ಅಕ್ಷರಗಳ ಅಗಲ ಕ್ಯಾಲಿಬ್ರಿಯಷ್ಟೇ. ಕೇಂಬ್ರಿಯಾಗೆ ಅದೇ ಥರ ಕಲಾಡಿಯಾ. ಇವೆರಡನ್ನು ಹಾಕಿದ ಮೇಲೆ ತಲೆನೋವು ಬಹಳ ಕಡಿಮೆಯಾಯಿತು. ಮ್ಯಾಕ್ರೋ (ಫೈಲ್‌ನೊಳಗೇ ಬರೆದಿಟ್ಟ, ತಾನಾಗಿ ಕೆಲಸ ಮಾಡುವ ಆದೇಶಗಳು) ತುಂಬಿದ ಎಕ್ಸೆಲ್ ಫೈಲ್‌ಗಳ ಕಥೆ ಬೇರೆ. ದಿನವೂ ಅಂಥ ಫೈಲ್ ಬರುವವರಿಗೆ ಎಕ್ಸೆಲ್ಲೇ ಸರಿ, ಸುಮ್ನೆ ಹಟ ಬೇಡ.

ವಿಡಿಯೋಗೆ ವಿಎಲ್‌ಸಿ, ಜಿಪ್ ಬಿಚ್ಚಲು 7-ಜಿಪ್. ಇವುಗಳ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಜಾಹೀರಾತಿಲ್ಲ, ಖಾತೆ ತೆರೆ ಎನ್ನುವುದಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಪಾಸ್‌ವರ್ಡ್ ಮ್ಯಾನೇಜರ್ ಆರಿಸಲು. ಕೊನೆಗೆ ಉಳಿದವು ಎರಡು, ಎರಡೂ ಓಪನ್ ಸೋರ್ಸ್. ಕೀಪಾಸ್‌ಎಕ್ಸ್‌ಸಿಯಲ್ಲಿ ಎಲ್ಲಾ ಪಾಸ್‌ವರ್ಡ್‌ಗಳೂ ನನ್ನ ಡಿಸ್ಕ್‌ನ ಒಂದೇ ಫೈಲ್‌ನಲ್ಲಿ, ಬೀಗ ಹಾಕಿಕೊಂಡು ಕೂತಿರುತ್ತವೆ. ಖಾತೆ ಇಲ್ಲ, ಸರ್ವರ್ ಇಲ್ಲ. ಫೋನ್‌ಗೂ ಕಂಪ್ಯೂಟರ್‌ಗೂ ಹೊಂದಿಸುವ ಕೆಲಸ ನನ್ನದೇ. ಬಿಟ್‌ವಾರ್ಡನ್ ಆ ಕೆಲಸ ತಾನೇ ಮಾಡುತ್ತದೆ. ನನ್ನ ಸಾಧನದಲ್ಲೇ ಎನ್‌ಕ್ರಿಪ್ಟ್ ಆದ, ಅಂದರೆ ಬೇರೆಯವರು ಓದಲಾಗದ ಗುಪ್ತ ರೂಪಕ್ಕೆ ತಿರುಗಿದ ಮೇಲೆ ಮಾಹಿತಿ ಅದರ ಸರ್ವರ್‌ಗೆ ಹೋಗುತ್ತದೆ. ಮನೆಯವರೆಲ್ಲ ಫೋನ್‌ನಲ್ಲೇ ಬಳಸುವುದರಿಂದ ಬಿಟ್‌ವಾರ್ಡನ್ ಆರಿಸಿದೆ. ಆದರೆ ಅಲ್ಲಿಗೆ ಬಿಡಲಿಲ್ಲ. ಆಗಾಗ ಅದರಿಂದ ಎಕ್ಸ್‌ಪೋರ್ಟ್ ತೆಗೆದು ಕೀಪಾಸ್‌ಎಕ್ಸ್‌ಸಿಗೆ ಹಾಕುತ್ತೇನೆ. ಸೇವೆ ಒಂದು ದಿನ ತೆರೆಯದಿದ್ದರೂ ಕೀಲಿಕೈ ಕೈಯಲ್ಲಿರುತ್ತದೆ. ಒಂದು ಎಚ್ಚರಿಕೆ. ಸಿಎಸ್‌ವಿಯಾಗಿ, ಅಂದರೆ ಸಾದಾ ಪಠ್ಯದ ಪಟ್ಟಿಯಾಗಿ ತೆಗೆದರೆ ಎಲ್ಲ ಪಾಸ್‌ವರ್ಡ್‌ಗಳೂ ಬೆತ್ತಲೆಯಾಗಿ ಆ ಫೈಲ್‌ನಲ್ಲಿರುತ್ತವೆ. ಕೆಲಸ ಮುಗಿದ ಕೂಡಲೇ ಅದನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಬೇಕು. ಕ್ಲೌಡ್‌ಗೆ ಸಿಂಕ್ ಆಗುವ ಫೋಲ್ಡರ್‌ನಲ್ಲಂತೂ ಅದನ್ನು ಇಡಲೇಬಾರದು.

2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಗ್ರಾಹಕರ ಪಾಸ್‌ವರ್ಡ್ ತಿಜೋರಿಗಳ ಪ್ರತಿಗಳೇ ಕಳವಾದವು. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು. ಆದರೆ ಯಾವ ಯಾವ ವೆಬ್‌ಸೈಟ್ ಎಂಬ ವಿಳಾಸಗಳು ಹಾಗೇ ಓದಲು ಸಿಗುವಂತಿದ್ದವು. ಆ ಸುದ್ದಿ ಓದಿದ ಮೇಲೆ ನಾನು ಇಂಥ ಯಾವ ಸೇವೆ ನೋಡಿದರೂ ಕೇಳುವ ಪ್ರಶ್ನೆ ಬದಲಾಯಿತು. ‘ಎನ್‌ಕ್ರಿಪ್ಷನ್ ಇದೆಯೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಯಾವುದು ಎನ್‌ಕ್ರಿಪ್ಟ್ ಆಗುವುದಿಲ್ಲ’ ಎಂದು ಕೇಳಬೇಕು.

ಲಾಗಿನ್ ಆಗುವಾಗ ಕೇಳುವ ಆರಂಕಿಯ ಕೋಡ್‌ಗಳಿಗೂ ಇದೇ ಲೆಕ್ಕ. ಅವು ಎಲ್ಲಿಂದಲೋ ಬರುವುದಿಲ್ಲ. ಮೊದಲ ದಿನ ಸ್ಕ್ಯಾನ್ ಮಾಡಿದ ಕ್ಯೂಆರ್ ಚೌಕದೊಳಗಿನ ಗುಟ್ಟಿನ ಅಕ್ಷರಗಳು ಮತ್ತು ಫೋನ್‌ನ ಗಡಿಯಾರ, ಇವೆರಡನ್ನೂ ಸೇರಿಸಿ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ. ನೆಟ್ ಇಲ್ಲದಿದ್ದರೂ ಕೋಡ್ ಬರುವುದು ಅದಕ್ಕೇ. ಫೋನ್ ಹೋದರೆ ಗುಟ್ಟೂ ಹೋಯಿತು. ಹಾಗಾಗಿ ಆ ಗುಟ್ಟನ್ನು ಹೊರಗೆ ತೆಗೆಯಲು ಬಿಡುವ ಆ್ಯಪ್ ಬೇಕು. ಆಂಡ್ರಾಯ್ಡ್‌ನಲ್ಲಿ ನಾನು ಬಳಸುವುದು ಈಜಿಸ್. ಪಾಸ್‌ವರ್ಡ್ ಹಾಕಿದ ಬ್ಯಾಕಪ್ ಫೈಲ್ ಕೊಡುತ್ತದೆ. ಜೊತೆಗೆ ಮುಖ್ಯ ಖಾತೆಗಳ ರಿಕವರಿ ಕೋಡ್‌ಗಳನ್ನು (ಫೋನ್ ಕೈಯಲ್ಲಿಲ್ಲದಾಗ ಒಳಗೆ ಹೋಗಲು ಇರುವವು) ಕಾಗದದ ಮೇಲೆ ಪ್ರಿಂಟ್ ಮಾಡಿ ಇಟ್ಟಿದ್ದೇನೆ. ಕಾಗದ ಹ್ಯಾಕ್ ಆಗುವುದಿಲ್ಲ ನೋಡಿ.

ಫೋಟೋಗಳ ವಿಷಯ ಸ್ವಲ್ಪ ಗೋಜಲು. ಗೂಗಲ್ ಖಾತೆಯ ಉಚಿತ 15 ಜಿಬಿ ಜಾಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಫೋಟೋಸ್‌ನಲ್ಲಿ ಮೊದಲಿದ್ದ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ರಿಂದ ನಿಂತಿದೆ. ಜಾಗ ಪೂರ್ತಿ ತುಂಬಿದರೆ ಹೊಸ ಮೇಲ್ ಬರುವುದೂ ನಿಲ್ಲುತ್ತದೆ. ವಿಡಿಯೋ ತುಂಬಿದ್ದಕ್ಕೆ ಮುಖ್ಯವಾದ ಮೇಲ್ ತಪ್ಪುವುದು ಯಾವ ನ್ಯಾಯ? ಅದಕ್ಕೇ ಮೇಲ್ ಇರುವ ಖಾತೆಗೆ ಫೋಟೋ ಹಾಕುವುದಿಲ್ಲ. ಫೋಟೋಗಳಿಗೆ ಬೇರೆ ಖಾತೆ, ಬೇರೆ ಡಿಸ್ಕ್. ಗೂಗಲ್ ಟೇಕ್‌ಔಟ್‌ನಿಂದ ಎಲ್ಲ ಫೋಟೋಗಳನ್ನೂ ಇಳಿಸಿಕೊಳ್ಳಬಹುದು, ಅದು ಒಳ್ಳೆಯದೇ. ಆದರೆ ಫೋಟೋಸ್‌ನಲ್ಲಿ ನಾವು ಬರೆದ ವಿವರಣೆಗಳು ಪಕ್ಕದಲ್ಲಿ ಬೇರೆ ಜೇಸನ್ ಫೈಲ್‌ಗಳಾಗಿ ಬರುತ್ತವೆ. ಅವು ಕಸ ಅಂತ ಅಳಿಸಬೇಡಿ.

ಇನ್ನೊಂದು ಮಾತು. ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಕಂಪ್ಯೂಟರ್‌ನಲ್ಲಿ ಫೈಲ್ ಅಳಿಸಿದರೆ ಕ್ಲೌಡ್‌ನಲ್ಲೂ ಅಳಿಯುತ್ತದೆ, ಫೋನ್‌ನಲ್ಲೂ ಅಳಿಯುತ್ತದೆ. ಅದರ ಕೆಲಸವೇ ಅದು. ಗೂಗಲ್ ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ನನ್ನ ಬ್ಯಾಕಪ್ ಹಳೆಯ 3-2-1 ಲೆಕ್ಕದ್ದು. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಪ್ರತಿ ಬೇರೆ ಜಾಗದಲ್ಲಿ. ಸಾಫ್ಟ್‌ವೇರ್ ಯಾವುದು ಅನ್ನುವುದು ಇಲ್ಲಿ ಅಷ್ಟು ಮುಖ್ಯವಲ್ಲ. ಹಳೆಯ ಬ್ಯಾಕಪ್‌ನಿಂದ ಯಾವುದೋ ಒಂದು ಫೋಲ್ಡರ್ ವಾಪಸ್ ತಂದು ತೆರೆದು ನೋಡುತ್ತೇನಲ್ಲ, ಆ ಕೆಲಸ ಮುಖ್ಯ. ತುಂಬಾ ಬೇಜಾರಿನ ಕೆಲಸ. ಆದರೂ ಮಾಡುತ್ತೇನೆ.

ಬೇಡವೇ ಬೇಡ ಎಂದುಕೊಂಡವೂ ಇವೆ. ಕಂಪ್ಯೂಟರ್ ‘ಕ್ಲೀನ್’ ಮಾಡುವ, ಡ್ರೈವರ್ (ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ತಂತ್ರಾಂಶ) ಹುಡುಕಿಕೊಡುವ ಸಾಫ್ಟ್‌ವೇರ್‌ಗಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹೆಸರಾಂತ ಸಿಕ್ಲೀನರ್‌ನ ಒಂದು ಆವೃತ್ತಿಯೊಳಗೇ 2017ರಲ್ಲಿ ದಾಳಿಕೋರರು ಕೆಟ್ಟ ಕೋಡ್ ಸೇರಿಸಿದ್ದರು. ವಿಂಡೋಸ್ ಜೊತೆ ಬರುವ ಡಿಫೆಂಡರ್ ಮತ್ತು ಸ್ಟೋರೇಜ್ ಸೆಟ್ಟಿಂಗ್ಸ್ ಮನೆ ಬಳಕೆಗೆ ಸಾಕು. ಪಿಡಿಎಫ್ ಜೋಡಿಸಿಕೊಡುವ ವೆಬ್‌ಸೈಟ್‌ಗಳಿಗೆ ಗುರುತಿನ ಚೀಟಿ, ಬ್ಯಾಂಕ್ ಕಾಗದ ಹಾಕುವುದಿಲ್ಲ. ಪಿಡಿಎಫ್‌ಸ್ಯಾಮ್ ಬೇಸಿಕ್ ಅದೇ ಕೆಲಸವನ್ನು ನಮ್ಮ ಕಂಪ್ಯೂಟರ್‌ನಲ್ಲೇ ಮಾಡುತ್ತದೆ. ಬ್ರೌಸರ್‌ಗೆ ಸೇರಿಸಿಕೊಳ್ಳುವ ಕಿರು ಸಾಫ್ಟ್‌ವೇರ್‌ಗಳಾದ ಎಕ್ಸ್‌ಟೆನ್ಷನ್‌ಗಳಲ್ಲೂ ಕೈ ಬಿಗಿ. ‘ಎಲ್ಲಾ ವೆಬ್‌ಸೈಟ್‌ಗಳ ಮಾಹಿತಿ ಓದಿ ಬದಲಿಸುವ’ ಅನುಮತಿ ಕೇಳಿದರೆ, ಅದು ಬ್ಯಾಂಕ್ ಪುಟವನ್ನೂ ಓದಬಲ್ಲದು ಎಂದೇ ಅರ್ಥ. ಆ ಅನುಮತಿ ನಾನು ಕೊಟ್ಟಿರುವುದು ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್‌ಗೆ ಮತ್ತು ಪಾಸ್‌ವರ್ಡ್ ಮ್ಯಾನೇಜರ್‌ಗೆ ಮಾತ್ರ. ಕ್ರೋಮ್ ಹಳೆಯ ಬಗೆಯ ಎಕ್ಸ್‌ಟೆನ್ಷನ್‌ಗಳನ್ನು ಕೈಬಿಟ್ಟಿದ್ದರಿಂದ ಯುಬ್ಲಾಕ್ ಒರಿಜಿನ್ ಪೂರ್ತಿ ರೂಪದಲ್ಲಿ ಬೇಕೆಂದು ಫೈರ್‌ಫಾಕ್ಸ್‌ನಲ್ಲೇ ಇದ್ದೇನೆ.

ಇಳಿಸಿಕೊಳ್ಳುವ ಜಾಗದ ಬಗ್ಗೆಯೂ ಹುಷಾರು. ಹುಡುಕಾಟದಲ್ಲಿ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು, ಅದರೊಳಗೆ ನಕಲಿ ‘ಡೌನ್‌ಲೋಡ್’ ಬಟನ್. ವಿಂಡೋಸ್ 11ರಲ್ಲಿ ವಿಂಗೆಟ್ ಎಂಬ ಆದೇಶ ಮೊದಲೇ ಇರುತ್ತದೆ. ಟರ್ಮಿನಲ್ ತೆರೆದು ಹೆಸರು ಕೊಟ್ಟರೆ ತಾನೇ ತಂದು ಹಾಕುತ್ತದೆ, ಬಹಳಷ್ಟನ್ನು ಒಟ್ಟಿಗೆ ಅಪ್‌ಡೇಟ್ ಕೂಡ ಮಾಡುತ್ತದೆ. ಕಪ್ಪು ಪರದೆ ಕಂಡರೆ ಹೆದರುವವರೂ ಒಂದು ಸಲ ಪ್ರಯತ್ನಿಸಬಹುದು.

ದುಡ್ಡು ಕೊಡಲು ನನಗೆ ಹಿಂಜರಿಕೆ ಇಲ್ಲ. ಮೊದಲು ತಿಂಗಳ ಚಂದಾ, ಹಿಡಿಸಿದರೆ ವರ್ಷದ್ದು. ‘ಜೀವಮಾನದ ಲೈಸೆನ್ಸ್’ ಎಂದರೆ ಮಾತ್ರ ಯಾರ ಜೀವಮಾನ ಅಂತ ಕೇಳಬೇಕಾಗುತ್ತದೆ.

ನನ್ನ ಈ ಲೆಕ್ಕಾಚಾರವೆಲ್ಲ ತಲೆಕೆಳಗಾಗುವುದು ವಾಟ್ಸ್‌ಆ್ಯಪ್‌ನಲ್ಲಿ. ಅಲ್ಲೂ ಚಾಟ್ ಎಕ್ಸ್‌ಪೋರ್ಟ್ ಇದೆ, ಸಾದಾ ಪಠ್ಯ ಫೈಲ್ ಬರುತ್ತದೆ. ಆದರೆ ಎದುರಿನವರೂ ಬರದೆ, ಆ ಫೈಲ್ ಒಂದರಿಂದಲೇ ಬೇರೆ ಆ್ಯಪ್‌ನಲ್ಲಿ ಮಾತು ಮುಂದುವರಿಸಲು ಆಗುವುದಿಲ್ಲ. ಹೊರಟರೂ ಎಲ್ಲಿಗೆ? ನೆಂಟರು, ಸಹೋದ್ಯೋಗಿಗಳು ಎಲ್ಲರೂ ಅಲ್ಲೇ ಇದ್ದಾರೆ. ಹಾಗಾಗಿ ನಾನೂ ಅಲ್ಲೇ ಇದ್ದೇನೆ. ಮುಖ್ಯವಾದ ಚಾಟ್‌ಗಳನ್ನು ಮಾತ್ರ ಆಗಾಗ ಎಕ್ಸ್‌ಪೋರ್ಟ್ ಮಾಡಿ ಟಿಪ್ಪಣಿಗಳ ಫೋಲ್ಡರ್‌ಗೆ ಹಾಕುತ್ತೇನೆ. ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವ ಸೆಟ್ಟಿಂಗನ್ನು ಆಫ್ ಮಾಡಿದ್ದೇನೆ.